ಹಂಚಿನ ಮನೆಯಿಂದ ಇಲಿ, ಜಿರಲೆ ಓಡಿಸಿದ ನನ್ನ ಅನುಭವ

"ಹಂಚಿನ ಮನೆ ಅಂದ ಮೇಲೆ ಇಲಿ ಇದ್ದೇ ಇರ್ತದೆ ಬಾವ, ಸುಮ್ನೆ ದುಡ್ಡು ಹಾಳು ಮಾಡ್ಬೇಡಿ." ಹೀಗಂತ ಹೇಳಿದ್ದ ನನ್ನ ಹೆಂಡತಿಯ ತಮ್ಮ, ಗದ್ದೆ ಕೊಯ್ಲು ಮುಗಿದು ತಿಂಗಳಾದ ಮೇಲೆ ಜನವರಿಯಲ್ಲಿ ಮನೆಗೆ ಬಂದಿದ್ದ. ಟಾರ್ಚ್ ಹಿಡಿದು ಅಟ್ಟ ಹತ್ತಿ ಮೂಲೆ ಮೂಲೆ ನೋಡಿದ. ಒಂದು ಹಿಕ್ಕೆಯೂ ಸಿಗಲಿಲ್ಲ. ಹೋಗುವಾಗ ಉಳಿದಿದ್ದ ತಂತಿ ಜಾಲರಿಯನ್ನು ಕೇಳಿ ತೆಗೆದುಕೊಂಡು ಹೋದ. ಹೇಗೆ ಓಡಿಸಿದಿರಿ ಅಂತ ಇನ್ನೂ ನಾಲ್ಕೈದು ಜನ ಕೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆ, ಅಜ್ಜನ ಕಾಲದ ಮನೆ. ಮುಂದೆ ಗದ್ದೆ, ಹಿಂದೆ ತೋಟ. ಎರಡು ಕೋಣೆಯನ್ನು ಹೋಂಸ್ಟೇ ಮಾಡಿದ್ದೇವೆ. ಭತ್ತ ಕೊಯ್ದ ಮೇಲೆ ಗದ್ದೆ ಇಲಿಗಳು ಮನೆಗೆ ಬರುವುದು ನಿಮಗೆಲ್ಲ ಗೊತ್ತೇ ಇದೆ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ಹಿಂದಿನ ಗೋಡೆಯ ಬುಡ ಕುಸಿದು ಬಿರುಕು ಬಿಟ್ಟಿತು. ಆಮೇಲೆ ಕಾಟ ದುಪ್ಪಟ್ಟಾಯಿತು.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳುತ್ತೇನೆ. ಔಷಧಿ ಹೊಡೆಯುವವರಿಗೆ ವರ್ಷಕ್ಕೆ ಆರೂವರೆ ಸಾವಿರ ಕೊಟ್ಟೆ. ಮೂರು ಸಲ ಬಂದು ಹೊಡೆದರು. ಪ್ರತಿ ಸಲವೂ ಇಪ್ಪತ್ತೈದು ದಿನಕ್ಕೆ ಮರಿ ಜಿರಲೆಗಳು ಹಾಜರ್. ಕರೆಂಟಿಗೆ ಸಿಕ್ಕಿಸುವ ಶಬ್ದದ ಯಂತ್ರಕ್ಕೆ ಒಂಬೈನೂರು ಹೋಯಿತು. ವಾರ ಬಿಟ್ಟು ನೋಡಿದರೆ ಅದರ ಬುಡದಲ್ಲೇ ಹಿಕ್ಕೆ. ಗಮ್ ಪ್ಯಾಡ್‌ಗೆ ಎರಡು ಹಲ್ಲಿ ಸಿಕ್ಕಿ ಒದ್ದಾಡಿದವು. ನೋಡೋಕೆ ಆಗಲಿಲ್ಲ, ಅವತ್ತೇ ನಿಲ್ಲಿಸಿದೆ.

ಎಲ್ಲಕ್ಕಿಂತ ಜಾಸ್ತಿ ನಷ್ಟ ಮಾಡಿದ್ದು ವಿಷದ ಕೇಕು. ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಅಂತ ಅಂಗಡಿಯವರು ಹೇಳಿದ್ದರು. ಅದು ಸುಳ್ಳು. ಆ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಇಲಿ ನಾಲ್ಕೈದು ದಿನ ಬಿಟ್ಟು, ತನ್ನ ಗೂಡಿನಲ್ಲೇ ಸಾಯುವುದು ಜಾಸ್ತಿ. ಜುಲೈ ತಿಂಗಳು, ಸುರಿಯುವ ಮಳೆ, ಹೋಂಸ್ಟೇ ಕೋಣೆಯ ಮರದ ಸೀಲಿಂಗ್ ಒಳಗೆ ಒಂದು ಸತ್ತಿತು. ಹನ್ನೆರಡು ದಿನ ನಾತ. ಬೆಂಗಳೂರಿನಿಂದ ಮಗುವಿನ ಜೊತೆ ಬಂದಿದ್ದ ಕುಟುಂಬಕ್ಕೆ ಎರಡು ದಿನದ ಬಾಡಿಗೆ, ಸುಮಾರು ಐದು ಸಾವಿರ, ವಾಪಸ್ ಕೊಟ್ಟು ಕೈಮುಗಿದೆ. ಆ ಮಗುವಿನ ಅಮ್ಮ ಏನೂ ಬೈಯಲಿಲ್ಲ, ಸುಮ್ಮನೆ ಬ್ಯಾಗ್ ಕಟ್ಟಿದರು. ಅದು ಇನ್ನೂ ಮನಸ್ಸಲ್ಲಿದೆ.

ಕೊಲ್ಲುವುದಕ್ಕೆ ಮುಂಚೆ ಎಲ್ಲಿಂದ ಬರುತ್ತವೆ ಅಂತ ನೋಡಬೇಕು ಅಂತ ಹೊಳೆದದ್ದು ಆಮೇಲೆ. ಒಲೆಯ ಬೂದಿಯನ್ನು ಜರಡಿ ಹಿಡಿದು, ಅಟ್ಟದ ಹಲಗೆ ಮೇಲೆ, ಗೋಡೆಯಂಚಿಗೆ, ಒಲೆ ಪಕ್ಕ ತೆಳ್ಳಗೆ ಹರಡಿದೆ. ಬೆಳಗ್ಗೆ ಐದಕ್ಕೆ ಎದ್ದು ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದರೆ ಹೆಜ್ಜೆಗಳು ಎದ್ದು ಕಾಣುತ್ತವೆ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಗೆರೆ. ನಾಲ್ಕು ರಾತ್ರಿಯಲ್ಲಿ ನಕ್ಷೆಯೇ ಸಿಕ್ಕಿತು. ನಾನು ಬಾಗಿಲನ್ನು ಅನುಮಾನಿಸಿದ್ದೆ. ಅವು ಬರುತ್ತಿದ್ದದ್ದು ಗೋಡೆ ತಲೆಯ ಮೇಲೆ, ಹಂಚು ಹೊರುವ ಮರದ ಪಕ್ಕಾಸುಗಳ ನಡುವಿನ ಸಂದಿಯಿಂದ, ಗ್ಯಾಸ್ ಪೈಪಿನ ತೂತಿನಿಂದ, ಹಿಂದಿನ ಬಿರುಕಿನಿಂದ. ಹಲಸಿನ ಕೊಂಬೆಯೊಂದು ಹಂಚಿಗೆ ತಾಗುತ್ತಿತ್ತು, ಅದೇ ಹೆದ್ದಾರಿ.

ಏಪ್ರಿಲ್‌ನಲ್ಲಿ, ಕಾಫಿ ಕೆಲಸ ಮುಗಿದು ಮಳೆ ಹಿಡಿಯುವ ಮೊದಲು, ಕೆಲಸಕ್ಕೆ ಇಳಿದೆ. ಜೇಬಲ್ಲಿ ಒಂದು ಪೆನ್ಸಿಲ್. ಅದು ತೂರುವ ತೂತಿದ್ದರೆ ಚಿಕ್ಕ ಇಲಿಯೂ ತೂರುತ್ತದೆ. ಮೊದಲು ಬಟ್ಟೆ ತುರುಕಿದ್ದೆ, ಕಡಿದು ಗೂಡಿಗೆ ಒಯ್ದವು. ಪ್ಲಾಸ್ಟಿಕ್ ಜಾಲರಿ ಎರಡೇ ರಾತ್ರಿ. ಕೊನೆಗೆ ಕುಶಾಲನಗರದಿಂದ ಕಾಲು ಇಂಚಿನ ಕಣ್ಣಿರುವ ಕಬ್ಬಿಣದ ಜಾಲರಿ ತಂದೆ. ಅರವತ್ತು ಅಡಿ ಹಿಡಿಯಿತು. ಬಿರುಕಿಗೆ ಸಿಮೆಂಟಿನ ಜೊತೆ ಒಡೆದ ಗಾಜು. ಹಲಸಿನ ಕೊಂಬೆಯನ್ನು ಹಂಚಿನಿಂದ ಐದಡಿ ದೂರಕ್ಕೆ ಕಡಿಸಿದೆ. ಮೇಸ್ತ್ರಿ ಎರಡು ದಿನದ ಕೂಲಿ, ಸಿಮೆಂಟು, ಜಾಲರಿ, ಬೋನು ಎಲ್ಲ ಸೇರಿ ಏಳು ಸಾವಿರದ ಒಳಗೆ.

ಮುಚ್ಚಿದ ಮೇಲೆ ಒಳಗಿರುವವನ್ನು ಹಿಡಿಯದಿದ್ದರೆ ಅವು ಬೇರೆ ಕಡೆ ಕೊರೆಯುತ್ತವೆ. ಹನ್ನೆರಡು ಸ್ಪ್ರಿಂಗ್ ಬೋನು ತಂದೆ. ಒಂದೆರಡು ಸಾಲುವುದಿಲ್ಲ, ಒಂದೇ ಸಲ ಎಲ್ಲ ಇಡಬೇಕು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಅದಕ್ಕೆ ನಾಲ್ಕು ರಾತ್ರಿ ಸ್ಪ್ರಿಂಗ್ ಎಳೆಯದೆ ಸುಮ್ನೆ ಒಣಮೀನು ಕಟ್ಟಿಟ್ಟೆ. ತಿಂದುಕೊಂಡು ಹೋಗಲಿ ಅಂತ ಬಿಟ್ಟೆ. ಐದನೇ ರಾತ್ರಿ ಎಳೆದೆ. ಬೆಳಗ್ಗೆ ಏಳು. ಎಂಟು ದಿನದಲ್ಲಿ ಹತ್ತೊಂಬತ್ತೋ ಇಪ್ಪತ್ತೋ. ಬೋನಿನ ಬಾಯಿ ಗೋಡೆ ಕಡೆಗೇ ಇರಬೇಕು. ಕೊಬ್ಬರಿ, ಹಂದಿ ಕೊಬ್ಬು, ಬಾಳೆಹಣ್ಣು ಎಲ್ಲ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ನಮ್ಮಲ್ಲಿ ಗೆದ್ದದ್ದು ಒಣಮೀನು. ಅದಕ್ಕೆ ಇನ್ನೊಂದು ಸವರುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಹಿಕ್ಕೆಯನ್ನು ಒಣಗಿದ್ದಾಗಲೇ ಗುಡಿಸಬೇಡಿ. ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿ ಒರೆಸಿ. ಇಲಿ ಜ್ವರ ಆಟದ ಮಾತಲ್ಲ.

ಜಿರಲೆಯಲ್ಲಿ ಎರಡು ಜಾತಿ ಇದ್ದವು. ದೊಡ್ಡ ಕೆಂಪಿನವು ಬಚ್ಚಲಿನಿಂದ ಬರುತ್ತಿದ್ದವು, ಮೋರಿಗೆ ಸಣ್ಣ ಜಾಲಿ ಹಾಕಿದ ಮೇಲೆ ಮುಗಿಯಿತು. ತಲೆನೋವು ಚಿಕ್ಕ ಕಂದು ಜಿರಲೆಯದ್ದು. ಅಂಗಡಿಯಿಂದ ಬರುವ ರಟ್ಟಿನ ಪೆಟ್ಟಿಗೆಯಲ್ಲೇ ಬರುತ್ತದೆ. ಫ್ರಿಡ್ಜ್ ಹಿಂದೆ, ಮೋಟರಿನ ಬಿಸಿಯಲ್ಲಿ ಮನೆ ಮಾಡುತ್ತದೆ. ಹೆಣ್ಣು ಮೊಟ್ಟೆ ಚೀಲವನ್ನು ಹಿಂದೆ ಹೊತ್ತುಕೊಂಡೇ ತಿರುಗುತ್ತದೆ, ಒಂದರಲ್ಲಿ ಮೂವತ್ತು ನಲವತ್ತು ಮೊಟ್ಟೆ. ಸ್ಪ್ರೇ ಚೀಲದೊಳಗೆ ಇಳಿಯುವುದಿಲ್ಲ. ಮರಿಗಳು ಮತ್ತೆ ಮತ್ತೆ ಬರುತ್ತಿದ್ದದ್ದು ಅದಕ್ಕೇ.

ನಾನು ಹಾಕಿದ್ದು ಬೋರಿಕ್ ಪೌಡರ್, ಕೇರಂ ಬೋರ್ಡಿಗೆ ಹಾಕುವುದೇ. ಮೊದಲ ಸಲ ಅರ್ಧಕ್ಕರ್ಧ ಬೋರಿಕ್ ಹಾಕಿದ್ದೆ. ಜಿರಲೆ ಹತ್ತಿರವೇ ಸುಳಿಯಲಿಲ್ಲ. ಜಾಸ್ತಿಯಾದರೆ ಅವಕ್ಕೆ ಗೊತ್ತಾಗುತ್ತದೆ. ಈಗ ಒಂದು ಚಮಚ ಬೋರಿಕ್, ಒಂದೂವರೆ ಸಕ್ಕರೆ ಪುಡಿ, ಮೂರು ಗೋಧಿ ಹಿಟ್ಟು, ಈರುಳ್ಳಿ ರಸ. ಜುಲೈಯಲ್ಲಿ ನಾಲ್ಕೇ ದಿನಕ್ಕೆ ಉಂಡೆಗೆ ಬೂಷ್ಟು ಹಿಡಿದು ಹಸಿರಾಯಿತು. ಎರಡು ತಿಂಗಳು ಒದ್ದಾಡಿ ಬೂಷ್ಟಿಗೆ ಒಂದು ಉಪಾಯ ಕಂಡುಕೊಂಡೆ, ಅದನ್ನು ಮನೆಗೆ ಬಂದವರಿಗೆ ಹೇಳುತ್ತೇನೆ. ಬಾಟಲಿ ಮುಚ್ಚಳದಲ್ಲಿ ಕಡಲೆ ಗಾತ್ರ ಇಟ್ಟು, ಮಕ್ಕಳು, ನಾಯಿ ಮುಟ್ಟದ ಸಂದಿಗೆ ತಳ್ಳಿ. ಆ ದಿನಗಳಲ್ಲಿ ಸ್ಪ್ರೇ ಹೊಡೆಯಲೇಬಾರದು, ಹೊಡೆದರೆ ಉಂಡೆ ಬಿಟ್ಟು ಬೇರೆ ಕಡೆ ಚದುರುತ್ತವೆ. ರಾತ್ರಿ ಸಿಂಕ್ ಒರೆಸಿ ಒಣಗಿಸಿ. ಇಪ್ಪತ್ತೈದನೇ ದಿನ ಎರಡನೇ ಸುತ್ತು ಇಡಿ, ಮೊಟ್ಟೆಯಿಂದ ಬಂದ ಮರಿಗಳಿಗೆ. ನಮ್ಮಲ್ಲಿ ಮೂರನೇ ಸುತ್ತಿಗೆ ನಿಂತಿತು. ಖರ್ಚು ಇನ್ನೂರೈವತ್ತೂ ದಾಟಿಲ್ಲ.

ಈಗ ಉಳಿದಿರುವುದು ಕಾಫಿ ಗೋಡೌನ್. ಕರಿಮೆಣಸಿನ ಎರಡು ಗೋಣಿಚೀಲ ಮೊನ್ನೆ ಕಡಿದಿದ್ದವು. ಬಾಗಿಲ ಕೆಳಗೆ ತಗಡು ಹೊಡೆಸೋಣ ಅಂತ ಅಳತೆ ತೆಗೆದುಕೊಂಡಿದ್ದೆ. ಆದರೂ ನಿನ್ನೆ ರಾತ್ರಿ ಬೂದಿ ಹರಡಿ ನೋಡಿದೆ. ಹೆಜ್ಜೆ ಬಾಗಿಲ ಹತ್ತಿರ ಒಂದೂ ಇಲ್ಲ, ಎಲ್ಲವೂ ತಕ್ಕಡಿಯ ಹಿಂದಿನ ಮೂಲೆಯಿಂದ ಬಂದಿವೆ.