ಸೀಟಿಗೆ ಬ್ಯಾಗ್ ಹಾಕೋ ಅಭ್ಯಾಸ ಊರಲ್ಲೇ ಬಿಟ್ಟು ಬನ್ನಿ: ಲಂಡನ್‌ಗೆ ಬರುವ ದಾವಣಗೆರೆ, ದುರ್ಗದವರಿಗೆ

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಬ್ಯಾಗ್ ತೂರಿಸಿ ಸೀಟು ಹಿಡಿದು, ಪಕ್ಕದವರಿಗೆ ‘ಸ್ವಲ್ಪ ನೋಡ್ಕೊಳ್ರಿ’ ಅಂದು ಟೀ ಕುಡಿಯೋಕೆ ಹೋಗೋದು ಮಾಮೂಲು. ಇಲ್ಲಿ ಹಾಗೆ ಮಾಡಬೇಡಿ. ದಿಕ್ಕಿಲ್ಲದ ಒಂದು ಬ್ಯಾಗಿಗೆ ಇಡೀ ಸ್ಟೇಷನ್ ಖಾಲಿ ಮಾಡಿಸಬಹುದು. ಮಂಡಕ್ಕಿ, ಚಟ್ನಿಪುಡಿ ತುಂಬಿ ಟೇಪು ಸುತ್ತಿ, ಹಗ್ಗ ಬಿಗಿದ ರಟ್ಟಿನ ಡಬ್ಬವಾದರಂತೂ ಕೇಳುವುದೇ ಬೇಡ. ಮೇಲೆ ಹೆಸರು, ಫೋನ್ ನಂಬರ್ ಬರೆದು ಕಾಲಿಗೆ ತಾಗಿಸಿ ಇಟ್ಟುಕೊಳ್ಳಿ.

ಇದು ಅತಿಯಾಯಿತು ಅನ್ನಿಸಬಹುದು. 2017ರ ಸೆಪ್ಟೆಂಬರ್ 15ರಂದು ಲಂಡನ್ನಿನ ಪಾರ್ಸನ್ಸ್ ಗ್ರೀನ್ ಸ್ಟೇಷನ್ನಿನಲ್ಲಿ ರೈಲಿನೊಳಗೆ ಬಿಟ್ಟುಹೋದ ಅಂಗಡಿ ಕೈಚೀಲದೊಳಗಿನ ಬಕೆಟ್ಟಿನಲ್ಲಿ ಬಾಂಬ್ ಇತ್ತು. ಪೂರ್ತಿ ಸಿಡಿಯಲಿಲ್ಲ. ಸುಟ್ಟ ಗಾಯ ಆದವರ ಜೊತೆಗೆ, ಮೆಟ್ಟಿಲಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಪೆಟ್ಟು ತಿಂದವರೂ ಅನೇಕರು.

ಮರೆತ ಬ್ಯಾಗಿಗೂ ಅನುಮಾನದ ಬ್ಯಾಗಿಗೂ ವ್ಯತ್ಯಾಸವಿದೆ. ಬೇಕೆಂದೇ ಬಚ್ಚಿಟ್ಟಿದ್ದಾರಾ? ತಂತಿ, ಬ್ಯಾಟರಿ, ವಿಚಿತ್ರ ದ್ರವ ಕಾಣುತ್ತಾ? ಆ ಜಾಗಕ್ಕೆ ಹೊಂದದ ವಸ್ತುವಾ? ಹೌದಾದರೆ ಮುಟ್ಟಬೇಡಿ. 15 ಮೀಟರ್ ಒಳಗೆ ಮೊಬೈಲ್ ಬಳಸಬೇಡಿ, ದೂರ ಹೋಗಿ ತುರ್ತು ನಂಬರ್ 999ಕ್ಕೆ ಕರೆ ಮಾಡಿ. ತುರ್ತೇನಿಲ್ಲ, ಬರೀ ಅನುಮಾನವಷ್ಟೇ ಇದ್ದರೆ ರೈಲ್ವೆ ಪೊಲೀಸರ 61016ಕ್ಕೆ ಮೆಸೇಜ್ ಸಾಕು.

ಚೂರಿ, ಬಂದೂಕು ಹಿಡಿದು ಯಾರಾದರೂ ನುಗ್ಗಿದರೆ ಇಲ್ಲಿನ ಪೊಲೀಸರು ಹೇಳೋದು ಮೂರೇ ಮಾತು: ಓಡಿ, ಅಡಗಿ, ತಿಳಿಸಿ. ದುರ್ಗದವರೇ, ಓಬವ್ವನ ಮೇಲೆ ಅಭಿಮಾನ ಇರಲಿ. ಒನಕೆ ಎತ್ತುವ ಹೊತ್ತು ಇದಲ್ಲ. ಅಡಗಿದಾಗ ಫೋನಿನ ವೈಬ್ರೇಷನ್ ಕೂಡ ಆಫ್ ಮಾಡಿ. ಮಾತಾಡಲಾಗದಿದ್ದರೆ ಮೊಬೈಲಿನಿಂದ 999 ಒತ್ತಿ, ಆ ಕಡೆಯಿಂದ ಹೇಳಿದಾಗ 55 ಒತ್ತಿ. 999 ಒತ್ತಿ ಸುಮ್ಮನಿದ್ದರೆ ಪೊಲೀಸರಿಗೆ ಕರೆ ಹೋಗುವುದಿಲ್ಲ.

ಇಲ್ಲಿನ ಮೆಟ್ರೋ ರೈಲಾದ ಅಂಡರ್‌ಗ್ರೌಂಡ್‌ನಲ್ಲಿ ಅಲಾರ್ಮ್ ಎಳೆದರೆ ನಮ್ಮೂರಿನ ಚೈನ್ ಎಳೆದಂತಲ್ಲ. ರೈಲಿನ ಒಂದು ಭಾಗವಾದರೂ ಪ್ಲಾಟ್‌ಫಾರ್ಮಿನಲ್ಲಿದ್ದರೆ ನಿಲ್ಲುತ್ತೆ, ಇಲ್ಲದಿದ್ದರೆ ಮುಂದಿನ ಸ್ಟೇಷನ್ನಿಗೇ. ಸುರಂಗದಲ್ಲಿ ನಿಂತರೆ ಸಹಾಯ ಬರೋದು ತಡ ಎಂದೇ ಹೀಗೆ. ರೈಲು ನಿಂತಿತೆಂದು ಕೆಳಗಿಳಿದು ಇಣುಕುವ ಚಟ ಬೇಡ. ಕರೆಂಟು ಮೇಲಿನ ತಂತಿಯಲ್ಲಿಲ್ಲ, ನೆಲದ ಮೇಲೆ ಚಕ್ರ ಉರುಳುವ ಹಳಿಗಳ ನಡುವೆ ಒಂದು, ಹೊರಗೆ ಒಂದು, ಹೀಗೆ ಎರಡು ಹಳಿಗಳಲ್ಲಿದೆ. ಸಿಬ್ಬಂದಿ ಇಳಿಯಿರಿ ಅನ್ನುವವರೆಗೆ ಒಳಗೇ ಇರಿ.

ಹೊರಬಂದ ಮೇಲೆ ಸಿಕ್ಕ ಬಸ್ ಹತ್ತಬೇಡಿ, ನಡೆದೇ ಹೋಗಿ. 2005ರ ಜುಲೈ 7ರಂದು ಬೆಳಗ್ಗೆ 8:50ರ ಸುಮಾರಿಗೆ ಮೂರು ರೈಲುಗಳಲ್ಲಿ ಬಾಂಬ್ ಸಿಡಿದು ಅಂಡರ್‌ಗ್ರೌಂಡ್ ಮುಚ್ಚಿದಾಗ ಜನ ಬಸ್ಸುಗಳಿಗೆ ಮುಗಿಬಿದ್ದರು. ದಾರಿ ಬದಲಿಸಿ ಬಂದ 30ನೇ ನಂಬರಿನ ಬಸ್ಸಿನಲ್ಲಿ 9:47ಕ್ಕೆ ನಾಲ್ಕನೆಯದು ಸಿಡಿಯಿತು. ಬಾಂಬ್ ಸಿಡಿಸಿದ ನಾಲ್ವರನ್ನು ಬಿಟ್ಟು ಸತ್ತವರು 52.

ಆವತ್ತು ಮೊಬೈಲ್ ನೆಟ್‌ವರ್ಕ್ ಕೂಡ ತುಂಬಿಹೋಗಿತ್ತು. ಲಂಡನ್ನಿನ ಜುಲೈ ಬೆಳಗಿನ 8:50 ಅಂದರೆ ದಾವಣಗೆರೆಯಲ್ಲಿ ಮಧ್ಯಾಹ್ನ 1:20, ಊಟಕ್ಕೆ ಕೂತು ಟಿವಿ ಹಾಕುವ ಹೊತ್ತು. ಕರೆಗೆ ಒದ್ದಾಡದೆ ಒಬ್ಬರಿಗೇ ‘ಹುಷಾರಾಗಿದೀನಿ, ನಡ್ಕೊಂಡು ರೂಮಿಗೆ ಹೋಗ್ತಿದೀನಿ’ ಅಂತ ಮೆಸೇಜ್ ಹಾಕಿ. ಅದನ್ನು ಅತ್ತೆ, ಚಿಕ್ಕಪ್ಪ, ಪಕ್ಕದ ಮನೆ ಎಲ್ಲರಿಗೂ ತಲುಪಿಸುವುದು ಅವರ ಕೆಲಸ.