ನಿಮಿಷಕ್ಕೊಂದು ಸಾಲು, ದಿನಕ್ಕೆ 1440: ಕೋಲ್ಡ್ ಸ್ಟೋರೇಜಿನ ತಾಪಮಾನ ಫೈಲಿಗೆ ಬರೆಸಿದ ಅನುಭವ

ಕಾರವಾರದ ಬೈತಖೋಲ ಬಂದರಿನ ಕಡೆಯ ಒಂದು ಮೀನಿನ ಕೋಲ್ಡ್ ಸ್ಟೋರೇಜ್. ನಾಲ್ಕು ಕೋಣೆ, ಪ್ರತಿ ಕೋಣೆಗೂ ಪಿಟಿ 100 ಸೆನ್ಸರಿನ ಟೆಂಪರೇಚರ್ ಕಂಟ್ರೋಲರ್, ಅದರ ಬೆನ್ನಿಗೆ ಅಳತೆಯನ್ನು ತಂತಿಯ ಮೂಲಕ ಕಂಪ್ಯೂಟರಿಗೆ ಕಳಿಸುವ ಆರ್‌ಎಸ್ 485 ಟರ್ಮಿನಲ್. ಮಾಲು ಕೊಳ್ಳುವವರಿಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ದಾಖಲೆ ಬೇಕು. ರಾತ್ರಿಯಿಡೀ ಒಂದೇ ಪೆನ್ನಿನಲ್ಲಿ, ಒಂದೇ ಅಕ್ಷರದಲ್ಲಿ ‘-18’ ಎಂದು ತುಂಬಿದ ಪುಸ್ತಕವನ್ನು ಈಗ ಯಾರೂ ನಂಬುವುದಿಲ್ಲ. ಅಳತೆಯನ್ನು ತಾನೇ ಬರೆದಿಡುವ ರೆಡಿಮೇಡ್ ಯಂತ್ರಕ್ಕೆ, ಅಂದರೆ ಲಾಗರಿಗೆ, ಬಂದ ಕೊಟೇಶನ್ ಎಪ್ಪತ್ತು ಸಾವಿರ ದಾಟಿತ್ತು, ವರ್ಷಕ್ಕೊಮ್ಮೆ ಲೈಸೆನ್ಸಿನ ದುಡ್ಡು ಬೇರೆ. ಹಳೇ ಡೆಸ್ಕ್‌ಟಾಪಿನಲ್ಲಿ ಸಿ ಶಾರ್ಪ್ ಭಾಷೆಯ ಪ್ರೋಗ್ರಾಮ್ ಬರೆದು ಮಾಡುತ್ತೇನೆ ಎಂದಾಗ ಕೊಟೇಶನ್ ಕೊಟ್ಟವರೂ ನಕ್ಕರು, ಕಂಪ್ರೆಸರ್ ಮೆಕ್ಯಾನಿಕ್ಕೂ ನಕ್ಕ. ಉಪ್ಪುಗಾಳಿ, ಕರೆಂಟು, ಕಂಪ್ರೆಸರ್, ಮೂರರಲ್ಲಿ ಒಂದು ಇದನ್ನು ಮುಗಿಸುತ್ತದೆ ಎಂದರು. ಮೂರೂ ಕಾಡಿದ್ದು ಹೌದು. ಲಾಗರ್ ಮಾತ್ರ ಮಳೆಗಾಲ ದಾಟಿ ಓಡುತ್ತಿದೆ.

ಮಾಡ್‌ಬಸ್ (ಕಂಟ್ರೋಲರಿನ ಜೊತೆ ಕಂಪ್ಯೂಟರ್ ಮಾತಾಡುವ ರೀತಿ) ಓದುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು, ಎರಡೇ ಮಾತು ಹೇಳುತ್ತೇನೆ. ಕಂಟ್ರೋಲರ್ ತಾಪಮಾನವನ್ನು ಹತ್ತು ಪಟ್ಟು ಮಾಡಿ ಕಳಿಸುತ್ತದೆ, ಹಾಗಾಗಿ ಮೈನಸ್ 18.0 ಎಂಬುದು 65356 ಎಂದು ಬರುತ್ತದೆ. ಸೈನ್ಡ್ 16 ಬಿಟ್ ಆಗಿ, ಅಂದರೆ ಮೈನಸ್ ಸಂಖ್ಯೆಯೂ ಬರಬಹುದೆಂದು ಓದಿದರೆ -180. ಇನ್ನೊಂದು, ಆ ತಂತಿ ಬಂದು ಸೇರುವ ಸೀರಿಯಲ್ ಪೋರ್ಟಿನ ರೀಡ್ ಟೈಮ್‌ಔಟ್ ಡಿಫಾಲ್ಟಾಗಿ ‘ಎಂದೆಂದಿಗೂ ಕಾಯಿ’ ಎಂದೇ ಇರುತ್ತದೆ. ಅದನ್ನು 500 ಮಿಲಿಸೆಕೆಂಡಿಗೆ ಇಳಿಸದಿದ್ದರೆ ಒಂದು ಕಂಟ್ರೋಲರ್ ಆಫ್ ಆದ ದಿನ ನಾಲ್ಕೂ ಕೋಣೆಯ ದಾಖಲೆ ನಿಲ್ಲುತ್ತದೆ.

ಕಷ್ಟವಿದ್ದದ್ದು ಟೈಮರಿನಲ್ಲಿ. ಓದು, ಬರೆ, 60 ಸೆಕೆಂಡ್ ಮಲಗು ಎಂಬ ಲೂಪ್ ನೋಡಲು ಸರಿಯಾಗಿಯೇ ಇದೆ. ಆದರೆ ಓದಿ ಬರೆಯಲು ಅರ್ಧ ಸೆಕೆಂಡ್ ಹಿಡಿದರೂ ಸುತ್ತು 60.5 ಸೆಕೆಂಡ್ ಆಗುತ್ತದೆ, ದಿನಕ್ಕೆ 1440ರ ಬದಲು 1428 ಸಾಲು ಸಿಗುತ್ತದೆ. ಹನ್ನೆರಡು ನಿಮಿಷ ಎಲ್ಲಿ ಹೋಯಿತು ಎಂದು ಆಡಿಟ್ ಮಾಡುವವರು ಕೇಳದೇ ಬಿಡುವುದಿಲ್ಲ. ಫಾರ್ಮಿನ (ಪ್ರೋಗ್ರಾಮಿನ ಕಿಟಕಿಯ) ಮೇಲೆ ಎಳೆದು ಹಾಕುವ ಟೈಮರ್ ಪರದೆಯನ್ನು ನಡೆಸುವ ಕೆಲಸದ ಎಳೆಯಾದ ಥ್ರೆಡ್‌ನಲ್ಲೇ ಓಡುವುದರಿಂದ ಪೋರ್ಟ್ ಕಾಯುವಾಗ ಪರದೆಯೇ ಹೆಪ್ಪುಗಟ್ಟುತ್ತದೆ. ಹಿನ್ನೆಲೆಯಲ್ಲಿ ಓಡುವ ಟೈಮರಿಗೆ ಬದಲಿಸಿದರೆ ಇನ್ನೂ ಕೆಟ್ಟ ಚಾಳಿ: ಸಿ ಶಾರ್ಪ್ ಓಡಿಸುವ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕಿನಲ್ಲಿ ಅದು ಒಳಗಾದ ಎರರ್ ಎಲ್ಲ ತಾನೇ ನುಂಗಿ ಸುಮ್ಮನಿರುತ್ತದೆ. ಪರದೆಯ ಮೇಲೆ ಗಡಿಯಾರ ತಿರುಗುತ್ತಿರುತ್ತದೆ, ಫೈಲು ಬೆಳೆಯುತ್ತಿರುವುದಿಲ್ಲ.

ಕೊನೆಗೆ ನಿಂತದ್ದು ಹೀಗೆ. ಬೇರೆ ಥ್ರೆಡ್ ಒಂದು ಸೆಕೆಂಡಿಗೊಮ್ಮೆ ಏಳುತ್ತದೆ. ಈಗಿನ ಸಮಯದ ಸೆಕೆಂಡ್ ಕತ್ತರಿಸಿ ಬರಿ ನಿಮಿಷ ಇಟ್ಟುಕೊಂಡು, ಅದು ಹಿಂದೆ ಬರೆದ ನಿಮಿಷಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಓದುತ್ತದೆ. ‘ಬೇರೆಯಾಗಿದ್ದರೆ’ ಎಂದಲ್ಲ, ‘ದೊಡ್ಡದಾಗಿದ್ದರೆ’. ಇಂಟರ್ನೆಟ್ ಸಮಯಕ್ಕೆ ಹೊಂದಿಸಿಕೊಳ್ಳುವಾಗ ವಿಂಡೋಸ್ ಗಡಿಯಾರ ಒಂದೆರಡು ಸೆಕೆಂಡ್ ಹಿಂದೆ ಸರಿದರೆ ಅದೇ ನಿಮಿಷ ಎರಡು ಸಲ ಬರೆಯುವುದು ಇದರಿಂದ ತಪ್ಪಿತು. ಕರೆಂಟಿಲ್ಲದಾಗ ಗಡಿಯಾರ ನಡೆಸುವ, ಹಳೇ ಬೋರ್ಡಿನ ಸಿಆರ್ 2032 ಸೆಲ್ಲನ್ನು ಮೊದಲೇ ಬದಲಿಸಿಬಿಡಿ, ಐವತ್ತು ರೂಪಾಯಿ ಒಳಗಿನ ಕೆಲಸ. ಅದು ಸತ್ತಿದ್ದರೆ ಕರೆಂಟು ಹೋಗಿ ಬಂದಾಗ ತಾರೀಕೇ ಹಿಂದಕ್ಕೆ ಹೋಗಿ, ‘ದೊಡ್ಡದು’ ಎಂಬ ಪರೀಕ್ಷೆ ಗಡಿಯಾರ ಸರಿಹೋಗುವ ತನಕ ಏನನ್ನೂ ಬರೆಯಗೊಡುವುದಿಲ್ಲ.

ಇನ್ನು ಫೈಲು. ಅದು ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿ ಅಕ್ಷರದ ಸಾಲುಗಳು. ಮೀಟಿಂಗ್ ದಿನ ಯಾರಾದರೂ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಿಟ್ಟು ಊಟಕ್ಕೆ ಹೋದರೆ ಬೇರೆಯವರಿಗೆ ಬರೆಯಲು ಬೀಗ. ಸಾಲುಗಳನ್ನು ಮೆಮೊರಿಯ ಕ್ಯೂನಲ್ಲಿ ಕೂಡಿಟ್ಟು, ಬೀಗ ಬಿಟ್ಟಾಗ ಸಾಲಾಗಿ ಇಳಿಸುವಂತೆ ಮಾಡಿದೆ. ಜೊತೆಗೆ ಹದಿನೈದು ನಿಮಿಷಕ್ಕೊಮ್ಮೆ ‘ನೋಡಲು’ ಎಂಬ ಫೋಲ್ಡರಿಗೆ ಒಂದು ನಕಲು ಹೋಗುತ್ತದೆ, ಆಫೀಸಿನವರಿಗೆ ಅದೇ ಶಾರ್ಟ್‌ಕಟ್. ಮೂಲ ಫೈಲನ್ನು ಈಗ ಯಾರೂ ಮುಟ್ಟುವುದಿಲ್ಲ.

ಕರೆಂಟು ಹಠಾತ್ತನೆ ಹೋದರೆ ಫೈಲಿನ ತುದಿಯಲ್ಲಿ ಸೊನ್ನೆ ಬೈಟ್‌ಗಳ ಸಾಲು ಉಳಿಯುವುದುಂಟು. ವಿಂಡೋಸಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಫೈಲಿನ ಗಾತ್ರದ ಲೆಕ್ಕವನ್ನು ಜರ್ನಲ್‌ನಲ್ಲಿ ಕಾಯುತ್ತದೆ, ಒಳಗಿನ ಡೇಟಾವನ್ನಲ್ಲ. ಗಾತ್ರ ಬೆಳೆದಿರುತ್ತದೆ, ಬರೆದದ್ದು ಡಿಸ್ಕಿಗೆ ತಲುಪಿರುವುದಿಲ್ಲ. ಸಾಲು ಬರೆಯುವ ಸ್ಟ್ರೀಮ್‌ರೈಟರ್ ಫ್ಲಶ್ ಮಾಡಿದರೆ (ಕೂಡಿಟ್ಟದ್ದನ್ನು ಕೆಳಗೆ ತಳ್ಳಿದರೆ) ಸಾಲದು, ಕೆಳಗಿನ ಫೈಲ್‌ಸ್ಟ್ರೀಮಿನ ಫ್ಲಶ್‌ಗೆ ‘ಟ್ರೂ’ ಕೊಟ್ಟು ಡಿಸ್ಕಿಗೇ ದಬ್ಬಬೇಕು. ಪ್ರೋಗ್ರಾಮ್ ಶುರುವಾಗುವಾಗ ತುದಿಯ ಸೊನ್ನೆ ಬೈಟ್ ಕತ್ತರಿಸಿ, ಕೊನೆಯ ಸಾಲು ಅರ್ಧಕ್ಕೆ ನಿಂತಿದ್ದರೆ ಹೊಸ ಸಾಲು ಹಾಕಿ ಮುಂದುವರಿಯುತ್ತದೆ.

ಓದಲಾಗದ ನಿಮಿಷಕ್ಕೆ ಏನು ಬರೆಯಬೇಕು? ಖಾಲಿ ಬಿಡಿ. ಸೊನ್ನೆ ಹಾಕಿದರೆ 59 ಸಲ ಮೈನಸ್ 18 ಇದ್ದ ತಾಸಿನ ಸರಾಸರಿ ಮೈನಸ್ 17.7ಕ್ಕೆ ಬಂದು ಕೂರುತ್ತದೆ. ಹಿಂದಿನ ಅಳತೆಯನ್ನೇ ಮತ್ತೆ ತುಂಬುವ ಪ್ರೋಗ್ರಾಮುಗಳೂ ಉಂಟು, ಒಂದೇ ಪೆನ್ನಿನಲ್ಲಿ ತುಂಬಿದ ಆ ಪುಸ್ತಕಕ್ಕೂ ಇದಕ್ಕೂ ಆಗ ವ್ಯತ್ಯಾಸವೇ ಇಲ್ಲ. ಡಿಫ್ರಾಸ್ಟ್ (ಕೂಲಿಂಗ್ ಕಾಯಿಲಿನ ಮಂಜು ಕರಗಿಸುವುದು) ಚಾಲೂ ಇದೆಯೇ ಎಂಬುದಕ್ಕೆ ಒಂದು ಕಾಲಂ ಇಟ್ಟಿದ್ದೇನೆ, ಇಲ್ಲದಿದ್ದರೆ ಗ್ರಾಫಿನ ಪ್ರತಿ ಗುಬ್ಬಕ್ಕೂ ಜವಾಬು ಹೇಳುತ್ತಾ ಕೂರಬೇಕು. ಕೊನೆಯ ಕಾಲಂನಲ್ಲಿ ಒಂದು ಸಂಖ್ಯೆ ಇದೆ, ನೋಟ್‌ಪ್ಯಾಡಿನಲ್ಲಿ ಯಾರಾದರೂ ಹಳೇ ಸಾಲು ತಿದ್ದಿದರೆ ಅದು ಹೇಳಿಬಿಡುತ್ತದೆ. ಹಿಂದಿನ ಸಾಲಿನಿಂದ ಬರುತ್ತದೆ ಎಂಬಷ್ಟು ಸಾಕು, ಲೆಕ್ಕ ನನ್ನಲ್ಲೇ ಇರಲಿ.

ತಾರೀಕನ್ನು ವರ್ಷ-ತಿಂಗಳು-ದಿನ ಎಂದೇ ಬರೆಯಿರಿ. ದಿನ ಮೊದಲು ಬರೆದರೆ, ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್ 12ರ ವರೆಗೆ ದಿನ-ತಿಂಗಳು ಅದಲುಬದಲು ಮಾಡಿ, 13ರಿಂದ ಬರಿ ಅಕ್ಷರ ಎಂದು ಬಿಟ್ಟುಬಿಡುತ್ತದೆ.

ಪ್ರೋಗ್ರಾಮನ್ನು ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಿಂದ ಶುರು ಮಾಡುವವರು ಒಂದು ಟಿಕ್ ತೆಗೆಯಲೇಬೇಕು. ಮೂರು ದಿನಕ್ಕಿಂತ ಹೆಚ್ಚು ಓಡಿದರೆ ನಿಲ್ಲಿಸು ಎಂಬುದು ಅಲ್ಲಿ ಡಿಫಾಲ್ಟ್. ಸರಿಯಾಗಿ 72 ತಾಸಿಗೆ ಲಾಗಿಂಗ್ ಸಾಯುತ್ತದೆ, ಎರರ್ ಎಲ್ಲೂ ಕಾಣುವುದಿಲ್ಲ.

ಖರ್ಚು, ನೆನಪಿದ್ದಷ್ಟು: ಹಳೇ ಡೆಸ್ಕ್‌ಟಾಪ್ ಎಸ್‌ಎಸ್‌ಡಿ ಸೇರಿ ಏಳು ಸಾವಿರದ ಸುಮಾರು, ಯುಪಿಎಸ್ ಮೂರು ಸಾವಿರ, ಶೀಲ್ಡ್ ಇರುವ ಜೋಡಿತಂತಿ ಒಂದೂವರೆ ಸಾವಿರ. ಆರ್‌ಎಸ್ 485 ತಂತಿಯನ್ನು ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ ಕನ್ವರ್ಟರಿಗೆ ಮೊದಲು ಇನ್ನೂರೈವತ್ತರದ್ದು ಹಾಕಿದ್ದು ದಂಡ. ಕಂಪ್ರೆಸರನ್ನು ಚಾಲೂ-ಬಂದ್ ಮಾಡುವ ಕಾಂಟ್ಯಾಕ್ಟರ್ ಸ್ವಿಚ್ ‘ಧಡ್’ ಎಂದಾಗೆಲ್ಲ ಪೋರ್ಟ್ ಮಾಯ. ಎರಡು ಬದಿಯ ಕರೆಂಟು ಬೆರೆಯದಂತೆ ಐಸೊಲೇಶನ್ ಇರುವುದಕ್ಕೆ ಸಾವಿರದ ಎಂಟುನೂರು ಕೊಟ್ಟು, ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿದ ಮೇಲೆ ಆ ಕಾಟ ತಪ್ಪಿತು. ಉಪ್ಪಿಗೆ ಟರ್ಮಿನಲ್ ಹಸಿರು ಹಿಡಿಯುತ್ತದೆ. ಬರಿ ತಂತಿ ತಿರುಪಿ ತುರುಕಬೇಡಿ, ತುದಿಗೆ ಲಗ್ (ಲೋಹದ ತೊಡಿಗೆ) ಒತ್ತಿಸಿ, ಮೇಲೆ ಸಿಲಿಕೋನ್ ಗ್ರೀಸ್ ಹಚ್ಚಿ. ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ.

ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬೋಟು ಇಳಿಯುವುದಿಲ್ಲ, ಕೋಣೆ ಅರ್ಧ ಖಾಲಿ, ಪ್ರಯೋಗಕ್ಕೆ ಅದೇ ಹದ. ಎಸ್‌ಕ್ಯುಲೈಟ್ ಎಂಬ ಡೇಟಾಬೇಸಿಗೆ ಬರೆಸಿ ನೋಡಿದೆ, ಗಟ್ಟಿಯಾಗಿ ನಡೆಯಿತು, ಆದರೆ ಮ್ಯಾನೇಜರಿಗೆ ಡಬಲ್ ಕ್ಲಿಕ್ ಮಾಡಿದರೆ ತೆರೆಯಬೇಕು, ಹಾಗಾಗಿ ಸಿಎಸ್‌ವಿಗೇ ವಾಪಸ್. ಸೆಕೆಂಡಿಗೊಂದು ಸಾಲನ್ನೂ ಬರೆಸಿದೆ: ದಿನಕ್ಕೆ 86,400. ಎಲ್ಲ ಒಂದೇ ಫೈಲಿಗೆ ಹಾಕಿದರೆ ಎಕ್ಸೆಲ್‌ನ 10,48,576 ಸಾಲಿನ ಮಿತಿ ಹದಿಮೂರನೇ ದಿನವೇ ತುಂಬುತ್ತದೆ. ಬಾಗಿಲಿಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಬದಲಾಗುವ ಸ್ವಿಚ್) ಕಟ್ಟಿ ಅದನ್ನೂ ಇದರ ಪಕ್ಕದಲ್ಲಿ ಬರೆಸಿದ್ದು ಮಾತ್ರ ಲಾಭದ ಕೆಲಸ. ಬಂಗಡೆ ಲೋಡ್ ಮಾಡುವಾಗ ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಎಂಬುದು ಈಗ ಕಾಗದದ ಮೇಲೆ ಇದೆ, ಹಾಗಾಗಿ ಬಾಗಿಲಿಗೆ ಇಳಿಬಿಡುವ ಪ್ಲಾಸ್ಟಿಕ್ ಸ್ಟ್ರಿಪ್ ಪರದೆಗೆ ದುಡ್ಡು ಕೊಡಲು ಮಾಲೀಕರು ಮರುವಾರವೇ ಒಪ್ಪಿದರು.