ಮಲೆನಾಡಿನ ಚಳಿಯಲ್ಲಿ ಉಪ್ಪುನೀರಿನ ತೊಟ್ಟಿ: ಮೊದಲು ಹೀಟರ್, ಆಮೇಲೆ ಮೀನು

ಚಿಕ್ಕಮಗಳೂರಿನಲ್ಲಿ ಕೂತು ಸಮುದ್ರದ ಮೀನು ಸಾಕುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ನಗಲಿ ಬಿಡಿ. ಆದರೆ ಒಂದು ವಿಷಯ ಮೊದಲೇ ಗೊತ್ತಿರಬೇಕಿತ್ತು. ಮಂಗಳೂರು, ಚೆನ್ನೈ ಕಡೆಯವರು ಈ ಹವ್ಯಾಸದ ಬಗ್ಗೆ ಮಾತಾಡಿದರೆ ನೀರನ್ನು ತಂಪು ಮಾಡುವ ಚಿಲ್ಲರ್ ಬಗ್ಗೆಯೇ ಮಾತು. ನಮ್ಮದು ಉಲ್ಟಾ. ಊರು ಇರುವುದೇ ಸಾವಿರ ಮೀಟರ್‌ಗಿಂತ ಎತ್ತರದಲ್ಲಿ, ಜನವರಿ ಬೆಳಗ್ಗೆ ಹೊರಗೆ 14-15 ಡಿಗ್ರಿ, ನಮ್ಮ ಹಳೆ ಹೆಂಚಿನ ಮನೆಯ ಹಾಲ್‌ನಲ್ಲಿ 17-18. ಹವಳದ ದಿಬ್ಬದ ಮೀನಿಗೆ ಬೇಕಾಗಿರುವುದು 25-26. ಈ ಏಳೆಂಟು ಡಿಗ್ರಿ ವ್ಯತ್ಯಾಸವನ್ನು ವರ್ಷಪೂರ್ತಿ ಹೇಗೆ ತುಂಬುತ್ತೀರಿ ಅನ್ನುವುದರ ಮೇಲೆ ನಿಮ್ಮ ತೊಟ್ಟಿ ನಿಂತಿದೆ.

ಚಳಿಗಾಲ ಅಂದರೆ ಡಿಸೆಂಬರ್, ಜನವರಿ ಅಂತ ಲೆಕ್ಕ ಹಾಕಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಇಲ್ಲದ ದಿನಗಳಲ್ಲಿ ಹೀಟರ್ ಹಗಲೂ ರಾತ್ರಿ ಕೆಲಸ ಮಾಡುತ್ತಿರುತ್ತದೆ. ಏಪ್ರಿಲ್‌ನಲ್ಲಿ ಮಾತ್ರ ಅದಕ್ಕೆ ರಜೆ, ಆಗ ನೀರಿನ ಮೇಲೆ ಗಾಳಿ ಬೀಸುವ ಒಂದು ಚಿಕ್ಕ ಫ್ಯಾನ್ ಸಾಕು.

ಮೊದಲ ತೊಟ್ಟಿ ಎಷ್ಟು ದೊಡ್ಡದಿರಬೇಕು? ಚಿಕ್ಕದು ಸುಲಭ ಅಂತ ಎಲ್ಲರಿಗೂ ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ನೀರು ಕಡಿಮೆ ಇದ್ದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲವೂ ಬೇಗ ಏರುಪೇರಾಗುತ್ತವೆ. ನನ್ನದು ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಪೂರ್ತಿ ತುಂಬಿದರೆ ಹತ್ತಿರಹತ್ತಿರ 160 ಲೀಟರ್, ಮೇಲೆ ಬಿಟ್ಟ ಜಾಗ, ಕಲ್ಲು, ಮರಳು ಕಳೆದರೆ 130 ಲೀಟರ್ ನೀರು. ಗಾಜು, ಕಲ್ಲು ಸೇರಿ 200 ಕಿಲೋ ಆಸುಪಾಸು ತೂಗುತ್ತದೆ, ಹಾಗಾಗಿ ಟಿವಿ ಸ್ಟ್ಯಾಂಡ್ ಮೇಲೆ ಇಡುವ ಆಸೆ ಬಿಡಿ. ಕಿಟಕಿ ಪಕ್ಕ ಬೇಡ. ಹೊರಗೋಡೆಗೆ ತಾಗಿಸಿಯೂ ಇಡಬೇಡಿ, ಮಳೆಗಾಲದಲ್ಲಿ ಆ ಗೋಡೆ ಐಸ್ ಥರ ಇರುತ್ತದೆ. ತೊಟ್ಟಿಯ ಅಡಿಗೆ, ಹಿಂದೆ, ಎರಡೂ ಪಕ್ಕಕ್ಕೆ ಅರ್ಧ ಇಂಚಿನ ಥರ್ಮೋಕೋಲ್ ಹಾಕಿ. ನೂರಿನ್ನೂರು ರೂಪಾಯಿಯ ಕೆಲಸ, ಆದರೆ ಹೀಟರ್‌ನ ಹೊರೆ ಚೆನ್ನಾಗಿ ಇಳಿಯುತ್ತದೆ. ಮೇಲೆ ಗಾಜಿನ ಮುಚ್ಚಳ ಇರಲಿ. ನೀರು ಆವಿಯಾಗುವಾಗ ಬಹಳಷ್ಟು ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿ ಆಡುವುದಕ್ಕೆ ಒಂದು ಕಡೆ ಎರಡು ಬೆರಳಷ್ಟು ಸಂದು ಬಿಟ್ಟರೆ ಆಯಿತು.

ಈಗ ಹೀಟರ್. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. 130 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 150 ವ್ಯಾಟ್ ಹೀಟರ್‌ಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು, ಅದೂ ಬಿಸಿ ಒಂದಿಷ್ಟೂ ಹೊರಗೆ ಹೋಗದಿದ್ದರೆ. ಲೀಟರ್‌ಗೆ ಒಂದು ವ್ಯಾಟ್ ಅಂತ ಅಂಗಡಿಯವರು ಹೇಳುವ ಲೆಕ್ಕ ಬಯಲುಸೀಮೆಗೆ ಸಾಕು, ನಮ್ಮ ಕಡೆ ಒಂದೂವರೆ ಇಟ್ಟುಕೊಳ್ಳಿ. ಅಂದರೆ ನನಗೆ 200 ವ್ಯಾಟ್. ಆದರೆ 200 ವ್ಯಾಟ್‌ನ ಒಂದು ಹೀಟರ್ ತರಬೇಡಿ. 100 ವ್ಯಾಟ್‌ನ ಎರಡು ತನ್ನಿ.

ಯಾಕೆ ಅಂದರೆ ಹೀಟರ್ ಕೆಡುವುದು ಎರಡು ಥರ. ಒಂದು, ಉರಿಯುವುದೇ ಇಲ್ಲ. ಆಗ ಎರಡನೆಯದು ಅರ್ಧ ಭಾರ ಹೊರುತ್ತದೆ, ನೀರು ನಿಧಾನಕ್ಕೆ ಒಂದೆರಡು ಡಿಗ್ರಿ ಇಳಿಯುತ್ತದೆ, ಬೆಳಗ್ಗೆ ನೀವು ನೋಡುತ್ತೀರಿ. ಇನ್ನೊಂದು ಭಯಾನಕ: ಒಳಗಿನ ಥರ್ಮೋಸ್ಟಾಟ್ ಅಂಟಿಕೊಂಡು ಹೀಟರ್ ಆಫ್ ಆಗುವುದೇ ಇಲ್ಲ. ಇದೇ ತೊಟ್ಟಿಗೆ 300 ವ್ಯಾಟ್ ಹಾಕಿ ಅದು ಹಾಗೆ ಅಂಟಿಕೊಂಡರೆ ಶುರುವಿನಲ್ಲಿ ಗಂಟೆಗೆ ಎರಡು ಡಿಗ್ರಿ ಹತ್ತಿರ ಏರುತ್ತದೆ, ನೀವು ಎದ್ದು ಕಾಫಿ ಕುಡಿಯುವ ಹೊತ್ತಿಗೆ ಒಳಗೆ ಮೀನು ಸಾರು. 100 ವ್ಯಾಟ್‌ನದು ಅಂಟಿಕೊಂಡರೂ ನಮ್ಮ ಚಳಿಯಲ್ಲಿ ಅದಕ್ಕೆ ಅಷ್ಟು ತಾಕತ್ತಿಲ್ಲ. ಮೀನಿಗೆ ಒಂದು ರಾತ್ರಿ ಟೈಮ್ ಸಿಗುತ್ತದೆ.

ಹೀಟರ್‌ನ ಒಳಗಿನ ಥರ್ಮೋಸ್ಟಾಟನ್ನೇ ನಂಬದೆ ಹೊರಗಿನಿಂದ ಒಂದು ಕಂಟ್ರೋಲರ್ ಹಾಕಿ. ನೀರಿನಲ್ಲಿ ಮುಳುಗಿಸುವ ಪ್ರೋಬ್, ಅಂದರೆ ಬಿಸಿ ಅಳೆಯುವ ಕಡ್ಡಿ, ಇರುವಂಥದ್ದು. ಕಂಟ್ರೋಲರನ್ನು 25.5ಕ್ಕೆ, ಹೀಟರ್‌ಗಳ ಸ್ವಂತ ಡಯಲನ್ನು 27ಕ್ಕೆ ಇಡಿ. ದಿನನಿತ್ಯದ ಕೆಲಸ ಕಂಟ್ರೋಲರ್ ಮಾಡುತ್ತದೆ, ಅದು ಕೈಕೊಟ್ಟರೆ ಹೀಟರ್ ತಾನೇ 27ಕ್ಕೆ ನಿಲ್ಲುತ್ತದೆ. ಪ್ರೋಬನ್ನು ಹೀಟರ್‌ನಿಂದ ದೂರ ಇಟ್ಟು ಗಟ್ಟಿಯಾಗಿ ಅಂಟಿಸಿ. ಅದು ಜಾರಿ ನೀರಿನಿಂದ ಹೊರಗೆ ಬಂದರೆ ಹಾಲ್‌ನ 18 ಡಿಗ್ರಿ ಗಾಳಿಯನ್ನು ಅಳೆದು, ಅಯ್ಯೋ ನೀರು ತಣ್ಣಗಿದೆ ಅಂತ ಹೀಟರ್ ಉರಿಸುತ್ತಲೇ ಇರುತ್ತದೆ, ಆಗ ತಡೆಯಲು ಉಳಿಯುವುದು ಆ 27ರ ಡಯಲ್ ಒಂದೇ. ಇದರ ಜೊತೆಗೆ ಒಂದು ಸಾದಾ ಥರ್ಮಾಮೀಟರ್ ಬೇರೆ ಇರಲಿ. ಹೀಟರನ್ನು ಪಂಪ್‌ನಿಂದ ನೀರು ಹರಿಯುವ ದಾರಿಯಲ್ಲೇ ಕೂರಿಸಬೇಕು, ಇಲ್ಲದಿದ್ದರೆ ಒಂದು ಮೂಲೆ ಬಿಸಿ, ಇನ್ನೊಂದು ಮೂಲೆ ತಣ್ಣಗೆ.

ಎಸ್ಟೇಟ್ ಕಡೆ ಮನೆ ಇರುವವರಿಗೆ ಇನ್ನೊಂದು ಮಾತು. ವೋಲ್ಟೇಜ್ ಬಿದ್ದರೆ ಹೀಟರ್‌ನ ಶಕ್ತಿ ಇನ್ನೂ ಜಾಸ್ತಿ, ವೋಲ್ಟೇಜ್‌ನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಬೀಳುತ್ತದೆ. 230 ಇರಬೇಕಾದ ಕಡೆ 170 ಬಂದರೆ 100 ವ್ಯಾಟ್‌ನ ಹೀಟರ್ ಕೊಡುವುದು ಬರೀ 55. ಪಂಪ್‌ಸೆಟ್ ಓಡುವ ಹೊತ್ತಲ್ಲಿ ನೀರು ತಣ್ಣಗಾಗುತ್ತಿದೆ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ವೋಲ್ಟೇಜ್ ಮೀಟರ್ ಇಟ್ಟು ನೋಡಿ.

ಕರೆಂಟಿನ ವಿಷಯದಲ್ಲಿ ಹುಡುಗಾಟ ಬೇಡವೇ ಬೇಡ. ಉಪ್ಪುನೀರು ಸಾದಾ ನೀರಿಗಿಂತ ತುಂಬಾ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಅರ್ಥಿಂಗ್ ಸರಿ ಇರಬೇಕು, ಆ ಲೈನ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಪ್ರತಿ ವೈರ್ ಪ್ಲಗ್‌ಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಹೋಗುವಂತೆ ಬಿಡಿ, ಹನಿ ಜಾರಿದರೆ ನೆಲಕ್ಕೆ ಬೀಳಲಿ, ಸಾಕೆಟ್‌ಗಲ್ಲ. ನೀರಿಗೆ ಕೈ ಹಾಕುವಾಗ ಹೀಟರ್ ಆಫ್. ನೀರು ಬದಲಿಸುವಾಗಲೂ ಅಷ್ಟೇ, ಆಫ್ ಮಾಡಿ ಕಾಲು ಗಂಟೆ ಬಿಟ್ಟು ನೀರು ಇಳಿಸಿ. ಕಾದ ಗಾಜು ಗಾಳಿಗೆ ಬಂದರೆ ಟಪ್ ಅಂತ ಬಿರುಕು ಬಿಡುತ್ತದೆ.

ನೀರು ಎಲ್ಲಿಂದ? ಸಮುದ್ರ ಘಾಟಿ ಇಳಿದರೆ ಸಿಗುತ್ತದೆ ಅಲ್ವಾ ಅಂತ ನನಗೂ ಅನಿಸಿತ್ತು. ಒಂದು ಜುಲೈನಲ್ಲಿ ಕಾರಿನ ಡಿಕ್ಕಿಯಲ್ಲಿ ಐದು ಕ್ಯಾನ್ ಹಾಕಿಕೊಂಡು ಚಾರ್ಮಾಡಿ ಇಳಿದು, ಮಂಗಳೂರಿನ ದಡದಲ್ಲಿ ತುಂಬಿಸಿಕೊಂಡು, ಬರುವಾಗ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಮನೆಗೆ ಬಂದು ಅಳೆದರೆ ಉಪ್ಪು ಎಷ್ಟಿದೆ ಅಂತ ತೋರಿಸುವ ಸಾಂದ್ರತೆ 1.015. ಬೇಕಾಗಿದ್ದು 1.025. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ನಮ್ಮ ಘಟ್ಟದ ಮಳೆಯನ್ನೇ ಅಲ್ಲಿಗೆ ಸುರಿಯುತ್ತಿರುತ್ತವೆ, ಅಂದರೆ ನಾನು ನಮ್ಮೂರ ಕಡೆಯ ನೀರನ್ನೇ ಪೆಟ್ರೋಲ್ ಸುಟ್ಟು ವಾಪಸ್ ತಂದಿದ್ದೆ. ದೋಸೆ ಒಂದೇ ಲಾಭ.

ಹಾಗಾಗಿ ಅಕ್ವೇರಿಯಂಗೆಂದೇ ಬರುವ ಸಮುದ್ರದ ಉಪ್ಪಿನ ಮಿಶ್ರಣ ತನ್ನಿ. ಅಡುಗೆ ಉಪ್ಪು ಆಗುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಯಾವುದೂ ಬೇಕಾದಷ್ಟಿಲ್ಲ. ಲೀಟರ್‌ಗೆ 35ರಿಂದ 38 ಗ್ರಾಂ ಹಿಡಿಯುತ್ತದೆ, 130 ಲೀಟರ್‌ಗೆ ಐದು ಕಿಲೋ ಹತ್ತಿರ. ಬೋರ್‌ವೆಲ್ ನೀರು ಬೇಡ, ಆರ್‌ಒ ನೀರು ಬೇಕು. ಅಡುಗೆಮನೆಯ ಆರ್‌ಒ ಯಂತ್ರ ರುಚಿಗಾಗಿ ಒಂದಿಷ್ಟು ಖನಿಜ ವಾಪಸ್ ಸೇರಿಸುತ್ತಿದ್ದರೆ ಅದನ್ನು ಬಂದ್ ಮಾಡಿಸಿ, ಕೊನೆಗೆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಒಂದು ಡಿಐ ಕಾರ್ಟ್ರಿಜ್ ಹಾಕಿಸಿ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣದ ಅಳತೆ, ಸೊನ್ನೆ ಬರಬೇಕು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ಹಾಕಿ, ಚಿಕ್ಕ ಪಂಪ್ ಮತ್ತು ಒಂದು ಹೀಟರ್ ಬಿಟ್ಟು, ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಒಂದು ರಾತ್ರಿ ತಿರುಗಲು ಬಿಡಿ. ಉಪ್ಪು ಅಳೆಯಲು ರಿಫ್ರ್ಯಾಕ್ಟೋಮೀಟರ್ (ಒಂದು ಹನಿ ನೀರು ಹಾಕಿ ಕಣ್ಣಿಟ್ಟು ನೋಡುವ ಉಪಕರಣ) ತೆಗೆದುಕೊಳ್ಳಿ, ತೇಲುವ ಕಡ್ಡಿಯ ಹೈಡ್ರೋಮೀಟರ್ ನಂಬಿಕೆಗೆ ಅಲ್ಲ. ಮೀನು ಇರುವ ತೊಟ್ಟಿಗೆ ನೇರ ಉಪ್ಪು ಸುರಿಯಬೇಡಿ.

ನನ್ನ ದೊಡ್ಡ ತಪ್ಪು ಇಲ್ಲೇ ಆಗಿದ್ದು. ಒಂದು ಡಿಸೆಂಬರ್‌ನಲ್ಲಿ ನೀರು ಬದಲಿಸುವಾಗ, ಹೊಸ ನೀರು ಕಾಯಲು ತಡವಾಗುತ್ತಿದೆ ಅಂತ ಆರ್‌ಒ ನೀರನ್ನು ಬಚ್ಚಲುಮನೆಯ ಹಂಡೆಗೆ ಸುರಿದು ಬಿಸಿ ಮಾಡಿದೆ. ತಾಮ್ರದ ಹಂಡೆ. ಅಜ್ಜಿಯ ಕಾಲದ್ದು, ಹೊಳೆಯುವ ಹಂಡೆ. ಮೂರು ದಿನದಲ್ಲಿ ಆರು ಬಸವನಹುಳು, ಎರಡು ಸೀಗಡಿ ಹೋದವು, ಮೀನು ಮಾತ್ರ ಉಳಿದವು. ಬೆನ್ನೆಲುಬಿಲ್ಲದ ಸಮುದ್ರಜೀವಿಗಳಿಗೆ ತಾಮ್ರ ಒಂದು ಚೂರಿದ್ದರೂ ವಿಷ. ಅದು ಕಲ್ಲು, ಮರಳಿಗೆ ಸೇರಿಕೊಂಡರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ನಮ್ಮ ಕಡೆ ತಾಮ್ರ ಬರುವ ಇನ್ನೊಂದು ದಾರಿ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಮಳೆಗೆ ಮುಂಚೆ ಅಡಿಕೆಗೋ ಮೆಣಸಿನ ಬಳ್ಳಿಗೋ ಹೊಡೆದು ಬಂದ ಕೈಯನ್ನು ತೊಟ್ಟಿಗೆ ಹಾಕಬೇಡಿ, ಆ ಬಕೆಟ್ ಎಷ್ಟು ತೊಳೆದಿದ್ದರೂ ಬಳಸಬೇಡಿ.

ಕಲ್ಲಿನ ವಿಷಯ. ಹವಳದ ಕಲ್ಲು ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ದೂರ ಇರಿ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಕಡಲ್ಗುದುರೆಯೂ ಅಷ್ಟೇ. ಕೃತಕವಾಗಿ ಮಾಡಿದ ಒಣ ಕಲ್ಲು, ಸೆರಾಮಿಕ್ ತುಂಡು ಸಿಗುತ್ತವೆ, ಅವೇ ಸಾಕು. ಎಂಟ್ಹತ್ತು ಕಿಲೋ ಹಾಕಿ, ಗೋಡೆ ಕಟ್ಟಿದ ಹಾಗಲ್ಲ, ಸಂದುಗಳು ಇರುವ ಹಾಗೆ.

ನೀರು, ಕಲ್ಲು, ಪಂಪ್ ಎಲ್ಲ ಆಯಿತು, ಮೀನು ಬಿಡೋಣವಾ? ಇಲ್ಲ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಅದನ್ನು ಮತ್ತೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ಬೆಳೆಯಬೇಕು. ಬಾಟಲಿ ಅಮೋನಿಯಾ ಸ್ವಲ್ಪ ಹಾಕಿ, ಅಥವಾ ಒಂದು ತುಂಡು ಸೀಗಡಿ ಕೊಳೆಯಲು ಬಿಟ್ಟು, ಟೆಸ್ಟ್ ಕಿಟ್‌ನಲ್ಲಿ ನೋಡುತ್ತಾ ಇರಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಒಳಗೆ ಮೀನೇ ಇಲ್ಲ, ಸುಮ್ನೆ ಕರೆಂಟ್ ಯಾಕೆ ಅಂತ ನಾನು ಆಗ ಹೀಟರ್ ಹಾಕಿರಲಿಲ್ಲ. ಒಂಬತ್ತು ವಾರವಾದರೂ ನೈಟ್ರೈಟ್ ಇಳಿಯಲಿಲ್ಲ. ಬ್ಯಾಕ್ಟೀರಿಯಾ ಕೂಡ 18 ಡಿಗ್ರಿಯಲ್ಲಿ ಸೋಮಾರಿ. ಹೀಟರ್ ಹಾಕಿದ ಮೇಲೆ ಹನ್ನೆರಡು ದಿನಕ್ಕೆ ಸೊನ್ನೆಗೆ ಬಂತು. ನಡುವೆ ಎಲ್ಲದರ ಮೇಲೂ ಕಂದು ಬಣ್ಣದ ಪಾಚಿ ಹರಡುತ್ತದೆ, ಹೆದರಬೇಡಿ, ತಾನಾಗಿ ಹೋಗುತ್ತದೆ.

ಮೊದಲ ಮೀನು ಒಂದು ಜೋಡಿ ಕ್ಲೌನ್, ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯ ಚಿಕ್ಕ ಮೀನು. ಬೇರೆ ಯೋಚನೆಯೇ ಬೇಡ. ಸಾಕಣೆ ಕೇಂದ್ರದಲ್ಲೇ ಹುಟ್ಟಿದ ಮರಿ ಕೇಳಿ ತನ್ನಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂನಲ್ಲಿ ಇವನ್ನು ಮರಿ ಮಾಡಿಸಿ ತೋರಿಸಿದ್ದಾರೆ, ಸಮುದ್ರದಿಂದ ಹಿಡಿದು ತಂದವಕ್ಕಿಂತ ಇವು ತೊಟ್ಟಿಗೆ ಚೆನ್ನಾಗಿ ಒಗ್ಗುತ್ತವೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತರುವುದಾದರೆ ಥರ್ಮೋಕೋಲ್ ಡಬ್ಬಿಯಲ್ಲೇ ತನ್ನಿ, ಹಾಸನ ದಾಟುವಷ್ಟರಲ್ಲಿ ಚೀಲದ ನೀರು ತಣ್ಣಗಾಗಿರುತ್ತದೆ. ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಮೀನನ್ನು ಮಾತ್ರ ಬಿಡಿ, ಚೀಲದ ನೀರು ಮೋರಿಗೆ.

ಪ್ರತಿದಿನ ನೀರು ಆವಿಯಾಗಿ ಇಳಿಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೆ ಮೇಲಿಂದ ತುಂಬಿಸುವುದು ಬರೀ ಆರ್‌ಒ ನೀರು, ಉಪ್ಪುನೀರಲ್ಲ. ಗಾಜಿನ ಮೇಲೆ ಒಂದು ಗೆರೆ ಹಾಕಿಕೊಳ್ಳಿ. ವಾರಕ್ಕೊಮ್ಮೆ ಹತ್ತು ಶೇಕಡಾ ನೀರು ಬದಲಿಸಿದರೆ ಸಾಕು, ಹೊಸ ನೀರೂ 25 ಡಿಗ್ರಿ ಇರಬೇಕು, ಹಂಡೆಯ ಕಡೆ ನೋಡಬೇಡಿ.

ಇನ್ನು ಮಳೆಗಾಲದ ಕರೆಂಟ್. ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಎರಡು ದಿನವೂ ಆಗಬಹುದು. ಮೀನು ಮೊದಲು ಸಾಯುವುದು ಚಳಿಗಲ್ಲ, ಉಸಿರಿಗೆ. ಹಾಗಾಗಿ ಇನ್ವರ್ಟರ್‌ಗೆ ನೀರು ತಿರುಗಿಸುವ ಪಂಪ್ ಕೊಡಿ, ಅದು ಹತ್ತು ವ್ಯಾಟ್ ಕೂಡ ತಿನ್ನುವುದಿಲ್ಲ. ಹೀಟರ್ ಕೊಟ್ಟರೆ ಬ್ಯಾಟರಿ ಬೇಗ ಖಾಲಿ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಬಿಸಿಗೆ ಹಳೇ ಕಂಬಳಿ ಎರಡು ಸುತ್ತು ಸುತ್ತಿ, ಪ್ಲಾಸ್ಟಿಕ್ ಬಾಟಲಿಗಳಲ್ಲಿ ಬಿಸಿನೀರು ತುಂಬಿ ಬಿರಡೆ ಗಟ್ಟಿಯಾಗಿ ಮುಚ್ಚಿ ತೇಲಿಸಿ. ಬಾಟಲಿ ಒಳಗಿನ ನೀರು ಹಂಡೆಯದ್ದೇ ಆದರೂ ಪರವಾಗಿಲ್ಲ, ಹೊರಗೆ ಮಾತ್ರ ಒರೆಸಿ ಹಾಕಿ. ಹೀಗೆ ಮಾಡಿ ಹೋದ ವರ್ಷ ನಾನು ಇಪ್ಪತ್ತಾರು ಗಂಟೆ ತಳ್ಳಿದೆ, 25.5 ಇದ್ದದ್ದು 22ಕ್ಕೆ ಬಂದು ನಿಂತಿತ್ತು. ಅಷ್ಟು ಹೊತ್ತೂ ಮೀನಿಗೆ ತಿಂಡಿ ಹಾಕಬೇಡಿ. ಕರೆಂಟ್ ಬಂದ ತಕ್ಷಣ ಮೊದಲು ಪಂಪ್ ತಿರುಗುತ್ತಿದೆಯಾ ನೋಡಿ, ಆಮೇಲೆ ಪ್ರೋಬ್ ನೀರಿನ ಒಳಗೇ ಇದೆಯಾ ನೋಡಿ, ಕಂಬಳಿ ಎಳೆಯುವಾಗ ಅದು ಮೇಲೆ ಬಂದಿರುತ್ತದೆ.